ಎಡಗೈ ಮೇಲಿನ ಆರೋಪಗಳಿಗೆ ಪ್ರತ್ಯುತ್ತರ

ಎಡಚ ಮಕ್ಕಳ ಕೈಗೆ ಹೊಡೆದು ಬಲಗೈಗೆ ತಿರುಗಿಸಬೇಡಿ, ಮುಟ್ಟಿ ತಿಳಿಯುವ ಶಕ್ತಿಯಲ್ಲಿ ಆ ಕೈಗೇನೂ ಕೊರತೆಯಿಲ್ಲ ಎಂದು ನಾನು ಬರೆದದ್ದಕ್ಕೆ ಮೊಳಕಾಲ್ಮೂರು ತಾಲೂಕಿನ ದೇವಸಮುದ್ರದ ಕಡೆಯ ಓದುಗರು ಸುಮ್ಮನಿರಲಿಲ್ಲ. ಬಂದ ಆಕ್ಷೇಪಗಳು ಎರಡು ದಿಕ್ಕಿನವು. ಒಂದು ಗುಂಪಿನ ಪ್ರಕಾರ ಎಡಗೈ ಹುಟ್ಟಾ ಮಂದ. ಇನ್ನೊಂದು ಗುಂಪಿನವರು ಹೆಚ್ಚಾಗಿ ಓದಿಕೊಂಡವರು. ಅವರ ದೂರು ಬೇರೆ. ಸ್ಪರ್ಶದಲ್ಲಿ ಎಡಗೈಯೇ ಬಲಗೈಗಿಂತ ಚುರುಕಂತೆ, ನಾನು ಎರಡನ್ನೂ ಸಮ ಮಾಡಿ ಎಡಗೈಗೆ ಅನ್ಯಾಯ ಮಾಡಿದೆನಂತೆ. ಮೊದಲನೆಯವರ ಸಿಟ್ಟು ನನಗೆ ಅರ್ಥವಾಗುತ್ತದೆ. ಎರಡನೆಯವರ ಉತ್ಸಾಹವೇ ಹೆಚ್ಚು ಕಿರಿಕಿರಿ. ಇಬ್ಬರಿಗೂ ಉತ್ತರ ಕೊಡುತ್ತೇನೆ.

"ಎಡಗೈಗೆ ಸೂಕ್ಷ್ಮ ಇಲ್ಲ ಸ್ವಾಮಿ. ಅದಕ್ಕೇ ಹಿರೀಕರು ಅದನ್ನ ತೊಳೆಯೋ ಬಳಿಯೋ ಕೆಲಸಕ್ಕೆ ಬಿಟ್ಟಿದ್ದು." ಹೋಟೆಲಿನ ಬೆಂಚಿನಿಂದ ಶಾಲೆಯ ಸ್ಟಾಫ್ ರೂಮಿನವರೆಗೆ ಕೇಳಿಬರುವ ಮಾತಿದು. ವಾದ ಮಾಡುವ ಬದಲು ಅಳೆದೇ ನೋಡಬಹುದು. ತಲೆಗೆ ಸಿಕ್ಕಿಸುವ ಪಿನ್ನನ್ನು ಅಗಲಿಸಿ, ಎರಡು ತುದಿಗಳ ನಡುವೆ 3 ಮಿಲಿಮೀಟರ್ ಬಿಡಿ. ಕಣ್ಣು ಮುಚ್ಚಿ ಕುಳಿತವರ ತೋರುಬೆರಳ ತುದಿಗೆ ಮೆಲ್ಲಗೆ ತಾಗಿಸಿ, ಒಂದೋ ಎರಡೋ ಎಂದು ಕೇಳಿ. ಹೆಚ್ಚಿನವರು ಎರಡು ಎಂದು ಸರಿಯಾಗಿ ಹೇಳುತ್ತಾರೆ. ಅದೇ ಪಿನ್ನನ್ನು ಅಂಗೈ ನಡುವೆ ಇಟ್ಟರೆ ಒಂದೇ ಎನ್ನುತ್ತಾರೆ. ಅಲ್ಲಿ ಎರಡೆಂದು ತಿಳಿಯಲು ಹೆಚ್ಚುಕಡಿಮೆ 1 ಸೆಂಟಿಮೀಟರ್ ಅಂತರ ಬೇಕು. ಮುಂಗೈ ಮೇಲೆ 4 ಸೆಂಟಿಮೀಟರ್ ಹತ್ತಿರ ಬೇಕಾಗುತ್ತದೆ. ಜರ್ಮನಿಯ ಎರ್ನ್ಸ್ಟ್ ವೇಬರ್ 1834ರಲ್ಲಿ ಪ್ರಕಟಿಸಿದ ಪುಸ್ತಕದಿಂದ ನಡೆದುಬಂದ ಪರೀಕ್ಷೆ ಇದು. ಅವನು ಬಳಸಿದ್ದು ಕೈವಾರದ ಎರಡು ಮುಳ್ಳು. ಒಂದೇ ಕೈಯೊಳಗೆ ಬೆರಳ ತುದಿಗೂ ಮುಂಗೈಗೂ ಹತ್ತು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಎಡ ತೋರುಬೆರಳಿಗೂ ಬಲ ತೋರುಬೆರಳಿಗೂ ಹೋಲಿಸಿದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಸಿಗುವುದಿಲ್ಲ. ಸಿಡ್ನಿ ವೈನ್‌ಸ್ಟೈನ್ 1968ರಲ್ಲಿ ಇಡೀ ಮೈಯ ನಕ್ಷೆಯನ್ನೇ ಹೀಗೆ ತೆಗೆದ. ಎರಡು ಬಿಂದು ಗುರುತಿಸುವುದರಲ್ಲಿ ಎಡಬಲದ ಭೇದ ಅವನಿಗೆ ದೊಡ್ಡದಾಗಿ ಕಾಣಲಿಲ್ಲ. 1996ರಲ್ಲಿ ಕೆ. ಸತ್ಯನ್ ಮತ್ತು ಅವರ ಸಹೋದ್ಯೋಗಿ ಸಣ್ಣ ಗೀರುಗಳ ಅಚ್ಚನ್ನು ಬೆರಳ ತುದಿಗೊತ್ತಿ ಗೀರು ಅಡ್ಡವೋ ಉದ್ದವೋ ಎಂದು ಕೇಳಿದರು. ಅಲ್ಲಿಯೂ ಎಡಬಲ ಸಮವೇ.

ವ್ಯತ್ಯಾಸ ಹುಡುಕಲೇಬೇಕು ಎನ್ನುವವರು ಬೇರೆ ಕಡೆ ಹುಡುಕಲಿ. ಕೆನಡಾದ ಡೇನಿಯಲ್ ಗೋಲ್ಡ್‌ರೈಕ್ ಅವರ ತಂಡ 2009ರಲ್ಲಿ ಬೆರಳ ತುದಿಯ ಗಾತ್ರವನ್ನೇ ಅಳೆಯಿತು. ಬೆರಳು ಚಿಕ್ಕದಾದಷ್ಟೂ ಸೂಕ್ಷ್ಮ ಹೆಚ್ಚು. ಹೆಂಗಸರ ಬೆರಳು ಗಂಡಸರದಕ್ಕಿಂತ ಚುರುಕೆಂದು ಕಾಣುವುದೂ ಇದರಿಂದಲೇ. ರೇಷ್ಮೆಯ ಎಳೆ ಹಿಡಿದು ಕೂತ ಅತ್ತೆ ಸೊಸೆಯಂದಿರಿಗೆ ಇದನ್ನು ಹೇಳಿದರೆ ನಗುತ್ತಾರೆ, ಅವರಿಗೆ ಇದೇನು ಹೊಸ ಸುದ್ದಿಯಲ್ಲ. ಅಂದಹಾಗೆ ಎಡಗೈ ಮಂದ ಎನ್ನುವವರು ವೇಬರನ ಇನ್ನೊಂದು ಮಾತನ್ನೂ ಕೇಳಿಸಿಕೊಳ್ಳಬೇಕು. ಒಂದೇ ತೂಕವನ್ನು ಎರಡೂ ಕೈಗೆ ಕೊಟ್ಟಾಗ ಹೆಚ್ಚಿನವರಿಗೆ ಎಡಗೈಯಲ್ಲಿದ್ದದ್ದೇ ಭಾರ ಅನ್ನಿಸಿತ್ತು. ಮಂದವಾದ ಕೈ ಹಗುರ ಅನ್ನಬೇಕಿತ್ತಲ್ಲವೇ?

ಮೊದಲ ಗುಂಪಿನದೇ ಇನ್ನೊಂದು ಆಕ್ಷೇಪ ಮಗ್ಗದವರದು. ಇದಕ್ಕೆ ಸ್ವಲ್ಪ ನಿಧಾನವಾಗಿಯೇ ಉತ್ತರಿಸಬೇಕು, ಏಕೆಂದರೆ ಮೊಳಕಾಲ್ಮೂರು ರೇಷ್ಮೆ ಸೀರೆಯ ತಾಲೂಕು. ಇಲ್ಲಿ ಕೈಯ ಮಾತೆತ್ತಿದರೆ ಅದು ಮಗ್ಗಕ್ಕೇ ಬಂದು ನಿಲ್ಲುತ್ತದೆ. "ನೇಯೋದು ಬಲಗೈ ಕಸುಬು, ಎಡಚನಿಗೆ ಮಗ್ಗ ಒಗ್ಗಲ್ಲ, ಎಳೆಯ ಹದವೂ ಅವನಿಗೆ ಗೊತ್ತಾಗಲ್ಲ" ಎಂದು ಬರೆದವರು ಮಗ್ಗದ ಎದುರಿಗೆ ನಿಂತು ನೋಡಿದವರೋ, ಗುಂಡಿಯಲ್ಲಿ ಕಾಲಿಳಿಸಿ ಕೂತವರೋ ಎಂಬ ಅನುಮಾನ ನನಗಿದೆ. ಹಗ್ಗ ಎಳೆದು ಲಾಳಿ ಹಾರಿಸುವುದು ಸಾಮಾನ್ಯವಾಗಿ ಬಲಗೈ ಎಂಬುದು ನಿಜ. ಸದ್ದು ಬರುವುದೂ ಅಲ್ಲಿಂದಲೇ, ನೋಡುವವರ ಕಣ್ಣು ಹೋಗುವುದೂ ಅಲ್ಲಿಗೇ. ಆದರೆ ಆ ಹೊತ್ತಿಗೆ ಎಡಗೈ ಹಣಿಗೆಯ ಮೇಲಿರುತ್ತದೆ. ಹೊಕ್ಕಿನ ಎಳೆಯನ್ನು ಎಷ್ಟು ಬಲವಾಗಿ ಬಡಿದು ಕೂರಿಸಬೇಕು, ಯಾವಾಗ ಕೈ ತಡೆಯಬೇಕು ಎಂಬುದು ಆ ಕೈಗೆ ಬಿಟ್ಟ ವಿಷಯ. ಬಡಿತ ಒಂದಿಷ್ಟು ಹೆಚ್ಚುಕಡಿಮೆಯಾದರೆ ಸೀರೆಯ ಮೈಮೇಲೆ ಗೆರೆ ಬೀಳುತ್ತದೆ. ಕಣ್ಣಿಗೆ ಆ ಗೆರೆ ಕಾಣುವುದು ಒಂದು ಗೇಣು ನೇಯ್ದ ಮೇಲೆ. ಕೈಗೆ ಅದು ಬಡಿದ ಕ್ಷಣದಲ್ಲೇ ಗೊತ್ತಾಗುತ್ತದೆ.

ಎಳೆ ಹರಿದಾಗ ನೋಡಿ. ಎಡಗೈ ಹಾಸಿನ ಮೇಲೆ ಸವರಿಕೊಂಡು ಹೋಗಿ, ಸಡಿಲಬಿದ್ದ ಎಳೆ ಎಲ್ಲಿದೆ ಎಂದು ಮೊದಲು ಕಂಡುಹಿಡಿಯುತ್ತದೆ. ಆಮೇಲೆ ಎರಡೂ ಕೈಯ ಹೆಬ್ಬೆರಳು ತೋರುಬೆರಳು ಸೇರಿ ತುದಿಗೆ ತುದಿ ಹೊಸೆಯುತ್ತವೆ. ಬೆರಳು ಜಾರದಿರಲೆಂದು ಕೆಲವರು ಚಿಟಿಕೆ ಬೂದಿ ಮುಟ್ಟಿಕೊಳ್ಳುತ್ತಾರೆ. ಹಳೆ ಹಾಸು ಮುಗಿದು ಹೊಸ ಅಚ್ಚು ಕೆಚ್ಚುವಾಗ ಇದೇ ಕೆಲಸವನ್ನು ಸಾವಿರಾರು ಸಲ ಮಾಡಬೇಕು. ಅಲ್ಲಿ ಯಾವ ಕೈ ದೊಡ್ಡದು? ಒಂದು ಕೈ ಹಿಡಿದು ತಿಳಿಯುತ್ತದೆ, ಇನ್ನೊಂದು ತಿರುಚುತ್ತದೆ. ಎಡಚನಾದರೆ ಈ ಪಾತ್ರಗಳು ಅದಲುಬದಲಾಗುತ್ತವೆ, ಎಳೆಗೆ ಅದರ ಗೊಡವೆಯಿಲ್ಲ. ಎಡಚನಿಗೆ ಮಗ್ಗದಲ್ಲಿ ಕಷ್ಟವಾಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಹಗ್ಗ, ತುಳಿಹಲಗೆ, ಪಕ್ಕದಲ್ಲಿಟ್ಟ ಕಂಡಿಕೆ ಎಲ್ಲವನ್ನೂ ಬಲಗೈಯವನ ಅನುಕೂಲಕ್ಕೆ ಜೋಡಿಸಿರುತ್ತಾರೆ. ಅದು ಜೋಡಣೆಯ ತಾಪತ್ರಯ. ಅದನ್ನು ಅವನ ಬೆರಳಿನ ತಲೆಗೆ ಕಟ್ಟುವುದು ಸರಿಯಲ್ಲ.

ಕೆಲಸ ಕೈಯನ್ನು ತಿದ್ದುತ್ತದೆ ಎಂಬುದಕ್ಕೆ ಒಳ್ಳೆಯ ಸಾಕ್ಷಿ 1995ರಲ್ಲಿ ಸಿಕ್ಕಿತು. ಥಾಮಸ್ ಎಲ್ಬರ್ಟ್ ಮತ್ತು ಸಂಗಡಿಗರು ತಂತಿವಾದ್ಯ ನುಡಿಸುವ 9 ಜನರ ಮೆದುಳನ್ನು ಪರೀಕ್ಷಿಸಿದರು. ತಂತಿಯ ಮೇಲೆ ಓಡಾಡುವುದು ಎಡಗೈಯ ಬೆರಳು, ಬಿಲ್ಲು ಹಿಡಿಯುವುದು ಬಲಗೈ. ಎಡಗೈಯ ಬೆರಳುಗಳಿಗೆ ಮೆದುಳಿನಲ್ಲಿ ಮೀಸಲಾದ ಜಾಗ ಸಂಗೀತಗಾರರಲ್ಲದವರಿಗಿಂತ ಹಿಗ್ಗಿತ್ತು. ಚಿಕ್ಕಂದಿನಲ್ಲೇ ಅಭ್ಯಾಸಕ್ಕೆ ಕೂತವರಲ್ಲಿ ಇನ್ನೂ ಹೆಚ್ಚು. ಬಲಗೈಯದರಲ್ಲಿ ಅಂಥ ಬದಲಾವಣೆಯಿರಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಹುಡುಗರು ಪಿಟೀಲು ಕಲಿಯುವುದನ್ನು ನೋಡಿದವರಿಗೆ ಈ ಅಂಕಿಅಂಶ ಬೇಕಾಗಿಲ್ಲ. ಸ್ವರಸ್ಥಾನ ಎಲ್ಲಿದೆ ಎಂದು ಆ ಹುಡುಗರಿಗೆ ಹೇಳುವುದು ಎಡಗೈ ಮತ್ತು ಕಿವಿ ಎರಡೇ.

"ಹಾಗಾದರೆ ನಮ್ಮ ಪರಂಪರೆ ಸುಳ್ಳೇ? ಬಲ ಎನ್ನುವುದೇ ಶುಭ" ಎಂದು ಒಬ್ಬರು ಕೇಳಿದ್ದಾರೆ. ಬಲಗೈಯಲ್ಲಿ ಉಣ್ಣಿ, ಬಲಗೈಯಲ್ಲಿ ದಕ್ಷಿಣೆ ಕೊಡಿ, ಬಲಗಾಲಿಟ್ಟು ಮನೆ ಹೊಗಿ. ಅದರಲ್ಲಿ ನನ್ನ ತಕರಾರೇನೂ ಇಲ್ಲ. ಶುಭಾಶುಭ ನಡವಳಿಕೆಯ ಮಾತು, ಚರ್ಮದ ಕೆಳಗಿನ ನರಕ್ಕೆ ಅದು ಗೊತ್ತಿಲ್ಲ. ಇಷ್ಟಕ್ಕೂ ಪರಂಪರೆ ಬೇಕೆನ್ನುವವರು ದೂರ ಹೋಗಬೇಕಾಗಿಲ್ಲ. ಇದೇ ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ, ಬಿ. ಎಲ್. ರೈಸ್ ಅವನ್ನು 1892ರಲ್ಲಿ ಪತ್ತೆ ಮಾಡಿದರು. ಬರೆದ ಲಿಪಿಕಾರ ಚಪಡ ಶಾಸನವನ್ನೆಲ್ಲ ಎಡದಿಂದ ಬಲಕ್ಕೆ ಓಡುವ ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಹಾಕಿದ್ದಾನೆ. ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ಬಂಡೆಯ ಮೇಲೆ ಎರಡೂ ದಿಕ್ಕಿಗೆ ಜಾಗವಿತ್ತು. ಇನ್ನು ಕಲ್ಲು ಕೆತ್ತುವವರ ಕೈ ಗಮನಿಸಿ. ಬಲಗೈ ಸುತ್ತಿಗೆ ಬೀಸುತ್ತದೆ. ಉಳಿ ಹಿಡಿಯುವುದು ಎಡಗೈ. ಕಲ್ಲು ಎಲ್ಲಿ ಗಟ್ಟಿ, ಎಲ್ಲಿ ಬಿರುಕು, ಉಳಿ ಜಾರುತ್ತಿದೆಯೇ ಎಂಬ ವರದಿ ಬರುವುದು ಆ ಎಡಗೈಯಿಂದ. ಮಂದ ಕೈಗೆ ಯಾವ ಕಲ್ಲುಕುಟಿಗ ಉಳಿ ಕೊಟ್ಟಾನು?

ನಾಡಿಯ ವಿಷಯವನ್ನು ಎಳೆದು ತಂದವರಿಗೆ ಎರಡೇ ಮಾತು. ಹೆಂಗಸರ ಎಡಗೈ, ಗಂಡಸರ ಬಲಗೈ ನಾಡಿ ನೋಡುವ ಪದ್ಧತಿ ಆಯುರ್ವೇದದಲ್ಲಿದೆ, ಹೌದು. ಆದರೆ ಅದು ರೋಗಿಯ ಕೈ. ಮುಟ್ಟಿ ತಿಳಿಯುವವರು ವೈದ್ಯರು, ಇಲ್ಲಿನ ಚರ್ಚೆಗೂ ಅದಕ್ಕೂ ಸಂಬಂಧವಿಲ್ಲ.

ಈಗ ಎಡಗೈಯ ಅಭಿಮಾನಿಗಳ ಸರದಿ. "ಎಡಗೈಯನ್ನು ಆಳುವುದು ಬಲಮೆದುಳು. ಬಲಮೆದುಳೆಂದರೆ ಕಲೆ, ಕಲ್ಪನೆ, ಅಂತಃಸ್ಫೂರ್ತಿ. ಆದ್ದರಿಂದ ಎಡಗೈಯ ಸ್ಪರ್ಶ ಮೇಲ್ಮಟ್ಟದ್ದು." ಇದರ ಮೊದಲ ವಾಕ್ಯ ಸರಿ. ಎಡಗೈಯ ಸುದ್ದಿ ಬೆನ್ನುಹುರಿಯಲ್ಲಿ ಅದೇ ಬದಿಯಲ್ಲಿ ಮೇಲೇರಿ, ಮೆದುಳಿನ ಬುಡದಲ್ಲಿ ಆಚೆ ಬದಿಗೆ ದಾಟಿ ಬಲ ಅರ್ಧಕ್ಕೆ ಸೇರುತ್ತದೆ. ಎಡಗೈಯ ಸ್ಪರ್ಶ ಮೇಲು ಎಂಬುದಕ್ಕೆ ಆಧಾರವಾಗಿ ಕೆಲವು ಪ್ರಯೋಗಗಳೂ ಇವೆ, ಅವನ್ನು ನಾನು ಮುಚ್ಚಿಡುವುದಿಲ್ಲ. ಆರ್ಥರ್ ಬೆಂಟನ್ ಮತ್ತು ಸಂಗಡಿಗರು 1973ರಲ್ಲಿ ಕಂಡಂತೆ, ಚರ್ಮದ ಮೇಲೆ ಒತ್ತಿದ ಗೆರೆ ಯಾವ ಕಡೆಗೆ ವಾಲಿದೆ ಎಂದು ಹೇಳುವುದರಲ್ಲಿ ಬಲಗೈ ರೂಢಿಯವರ ಎಡಗೈ ಸ್ವಲ್ಪ ಮುಂದಿತ್ತು. ಸ್ಯಾಂಡ್ರಾ ವಿಟೆಲ್ಸನ್ 1976ರಲ್ಲಿ 6ರಿಂದ 13 ವರ್ಷದ, ಬಲಗೈ ಬಳಸುವ 200 ಮಕ್ಕಳ ಎರಡೂ ಕೈಗೆ ಒಟ್ಟಿಗೆ ಅರ್ಥವಿಲ್ಲದ ಆಕೃತಿಗಳನ್ನು ಕೊಟ್ಟು ಮುಟ್ಟಿಸಿದರು. ಗಂಡುಮಕ್ಕಳು ಎಡಗೈಯಲ್ಲಿ ಹಿಡಿದದ್ದನ್ನೇ ಹೆಚ್ಚು ಸರಿಯಾಗಿ ಗುರುತಿಸಿದರು. ಹೆಣ್ಣುಮಕ್ಕಳಲ್ಲಿ ಆ ಭೇದ ಕಾಣಲಿಲ್ಲ.

ಇಷ್ಟನ್ನು ಹಿಡಿದು ಎಡಗೈಗೆ ಪಟ್ಟ ಕಟ್ಟುವುದು ಹೇಗೆ? ಆ ಪ್ರಯೋಗಗಳಲ್ಲಿ ಎಡಗೈ ಗೆದ್ದದ್ದು ಆಕೃತಿಯಲ್ಲಿ, ಗೆರೆಯ ವಾಲಿಕೆಯಲ್ಲಿ. ಅವು ದಿಕ್ಕು, ಆಕಾರ ಲೆಕ್ಕಹಾಕುವ ಕೆಲಸಗಳು. ಬೆರಳ ತುದಿಯ ಸೂಕ್ಷ್ಮತೆ ಬೇರೆ, ಬೆರಳು ತಂದ ಸುದ್ದಿಯನ್ನು ಮೆದುಳು ಏನು ಮಾಡುತ್ತದೆ ಎಂಬುದು ಬೇರೆ. ಅಲ್ಲದೆ ಆ ಪ್ರಯೋಗಗಳು ಬಲಗೈಯವರ ಮೇಲೆ ನಡೆದವು. ನೀವು ಹೊಗಳಹೊರಟಿರುವುದು ಎಡಚರನ್ನು. ಎಡಚರ ಮೆದುಳು ಬಲಗೈಯವರದನ್ನು ಕನ್ನಡಿಯಲ್ಲಿ ನೋಡಿದಂತೆ ಇರುವುದಿಲ್ಲ. ಪಕ್ಕಾ ಎಡಚರಲ್ಲೂ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಜನರಿಗೆ ಮಾತಿನ ಕೆಲಸ ಎಡಮೆದುಳಿನಲ್ಲೇ ನಡೆಯುತ್ತದೆ ಎಂದು 2000ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನ ತೋರಿಸಿದೆ. ಎರಡು ಅರ್ಧಗಳೂ ದಪ್ಪ ನರಸೇತುವೆಯ ಮೂಲಕ ಬಿಡುವಿಲ್ಲದೆ ಮಾತಾಡಿಕೊಳ್ಳುತ್ತವೆ. ಆ ಸೇತುವೆ ಕತ್ತರಿಸಲಾದ ರೋಗಿಗಳನ್ನು ಪರೀಕ್ಷಿಸಿದ ರೋಜರ್ ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು. ಕಾಣದಂತೆ ಎಡಗೈಗೆ ಬೀಗದ ಕೈ ಕೊಟ್ಟರೆ ಆ ರೋಗಿಗಳು ಅದರ ಹೆಸರು ಹೇಳಲಾರರು. ಆದರೆ ಹತ್ತು ಸಾಮಾನಿನ ನಡುವೆ ಎಡಗೈಯಿಂದಲೇ ತಡವಿ ಅದನ್ನು ಎತ್ತಿಕೊಡುತ್ತಾರೆ. ನಮ್ಮ ನಿಮ್ಮ ಸೇತುವೆ ಗಟ್ಟಿಯಾಗಿದೆ, ಆದ್ದರಿಂದ ಎಡಗೈ ಮುಟ್ಟಿದ್ದನ್ನು ಬಾಯಿ ಹೇಳುತ್ತದೆ.

ಈ ಬಲಮೆದುಳಿನ ಪುರಾಣಕ್ಕೆ ಗಿರಾಕಿಗಳು ಸಿಕ್ಕಿದ್ದು ಇಂದುನಿನ್ನೆಯಲ್ಲ. ಕೆಲವು ವರ್ಷಗಳ ಹಿಂದೆ ಇದೇ ಬಳಗದ ಮಧ್ಯಮೆದುಳು ಜಾಗೃತಿಯ ತರಗತಿಗಳು ಊರೂರಿಗೂ ಬಂದವು. ಕಣ್ಣಿಗೆ ಬಟ್ಟೆ ಕಟ್ಟಿದ ಮಗು ಬೆರಳಿನಿಂದ ಸವರಿ, ಮೂಸಿ ನೋಡಿ ಬಣ್ಣ ಹೇಳುತ್ತದೆ, ಅಚ್ಚಾದ ಅಕ್ಷರ ಓದುತ್ತದೆ ಎಂದರು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅದರ ಬೆನ್ನು ಹತ್ತಿದರು. ಮೂಗಿನ ಪಕ್ಕದ ಸಂದಿಯಿಂದ ಮಗು ಕೆಳಗೆ ನೋಡುತ್ತದೆ, ಅಷ್ಟೇ ಗುಟ್ಟು. ಆ ಸಂದಿ ಮುಚ್ಚಿದರೆ ಬೆರಳಿನ ವಿದ್ಯೆಯೂ ನಿಲ್ಲುತ್ತದೆ. ನಯವಾದ ಕಾಗದದ ಮೇಲಿನ ಮಸಿಯ ಬಣ್ಣ ತಿಳಿಯುವ ನರ ಎಡಬೆರಳಿಗೂ ಇಲ್ಲ, ಬಲಬೆರಳಿಗೂ ಇಲ್ಲ. ಮಕ್ಕಳಿಗೆ ಸುಳ್ಳು ಹೇಳಲು ಕಲಿಸಿ, ಅದಕ್ಕೆ ತಂದೆ ತಾಯಿಯ ಹತ್ತಿರ ಫೀಸು ಇಸಿದುಕೊಂಡ ವ್ಯವಹಾರ ಅದು.

ಎಡಗೈ ಅಭಿಮಾನಿಗಳ ಇನ್ನೊಂದು ವಾದ ಸ್ವಲ್ಪ ತೂಕದ್ದು. "ಬ್ರೈಲ್ ಓದಲು ಎಡಗೈಯೇ ಮೇಲು ಎಂದು ವಿಜ್ಞಾನಿಗಳೇ ಹೇಳಿದ್ದಾರಲ್ಲ?" ಹೇಳಿದ್ದಾರೆ. ಬಿಯಾಟೆ ಹರ್ಮೆಲಿನ್ ಮತ್ತು ನೀಲ್ ಓಕಾನರ್ 1971ರಲ್ಲಿ ಕುರುಡು ಮಕ್ಕಳು ಎಡಗೈಯಿಂದ ಹೆಚ್ಚು ಚೆನ್ನಾಗಿ ಓದುವುದನ್ನು ಕಂಡರು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸುಸಾನಾ ಮಿಲ್ಲರ್ ವರ್ಷಗಟ್ಟಲೆ ಬ್ರೈಲ್ ಓದುಗರ ಬೆರಳನ್ನು ಹಿಂಬಾಲಿಸಿ, 1997ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದರು. ಎಲ್ಲರಿಗೂ ಅನ್ವಯಿಸುವ ಮೇಲುಗೈ ಯಾವ ಕೈಗೂ ಇಲ್ಲ. ಓದುಗರ ಅನುಭವ, ಓದುವ ರೀತಿ, ಒಪ್ಪಿಸಿದ ಕೆಲಸ ಇವುಗಳ ಮೇಲೆ ಫಲಿತಾಂಶ ಬದಲಾಗುತ್ತದೆ ಎಂದು ತೋರಿಸಿದರು. ಪಳಗಿದ ಓದುಗರಲ್ಲಿ ಎಡಗೈ ಸಾಲಿನ ಆರಂಭ ಹಿಡಿದು ಹೊರಡುತ್ತದೆ, ನಡುವೆ ಎಲ್ಲೋ ಬಲಗೈ ಅದರಿಂದ ಸಾಲನ್ನು ಪಡೆದು ಮುಂದುವರಿಸುತ್ತದೆ, ಅಷ್ಟರಲ್ಲಿ ಎಡಗೈ ಕೆಳಗಿನ ಸಾಲಿನ ತುದಿಗೆ ಹೋಗಿ ಕಾಯುತ್ತಿರುತ್ತದೆ. ಭಾರತಿ ಬ್ರೈಲ್ 1951ರಲ್ಲಿ ರೂಪುಗೊಂಡಂದಿನಿಂದ ಕನ್ನಡದ ಮಕ್ಕಳೂ ಅದೇ ಆರು ಚುಕ್ಕಿಗಳಲ್ಲಿ ಓದುತ್ತಿದ್ದಾರೆ. ಅವರ ಒಂದು ಕೈಯನ್ನು ತೊಡೆಯ ಮೇಲಿಡಿಸಿ, ಎಡಗೈಯಲ್ಲಷ್ಟೇ ಓದು ಎಂದು ಹೇಳುವ ಶಿಕ್ಷಕರು ಮಕ್ಕಳ ವೇಗವನ್ನೇ ಕತ್ತರಿಸುತ್ತಾರೆ.

ಕೊನೆಯ ಆಕ್ಷೇಪವೇ ನನ್ನನ್ನು ಈ ಉತ್ತರ ಬರೆಯಲು ಕೂರಿಸಿದ್ದು. "ವಯಸ್ಸಾದ ಮೇಲೆ ಒಂದು ಕೈ ಜೋಮು ಹಿಡಿಯೋದು, ಅದರಲ್ಲೂ ಎಡಗೈ ಮರಗಟ್ಟೋದು ಸಹಜ. ಅದಕ್ಕೆಲ್ಲ ಪರೀಕ್ಷೆ ಯಾಕೆ?" ಇಲ್ಲಿ ತಮಾಷೆ ಸಾಕು. ವಯಸ್ಸಾದಂತೆ ಸ್ಪರ್ಶ ಮಂಕಾಗುವುದು ನಿಜ, ಆದರೆ ಅದು ಎರಡೂ ಕೈಯಲ್ಲಿ ಸರಿಸುಮಾರು ಒಟ್ಟಿಗೆ ಮಂಕಾಗುತ್ತದೆ. ಒಂದು ಕೈ ಮಾತ್ರ, ಅಥವಾ ಒಂದು ಕೈಯ ಕೆಲವು ಬೆರಳು ಮಾತ್ರ ಸತ್ತಂತಾದರೆ ಅದಕ್ಕೆ ಕಾರಣ ಬೇರೆ ಇರುತ್ತದೆ. ಎಡಬಲ ಸಮ ಎಂದು ನಾನು ಇಷ್ಟು ಹಟ ಹಿಡಿಯುವುದು ಇದಕ್ಕೇ. ಎಡಗೈ ಮಂದ ಎಂದು ನಂಬಿದವರು ರೋಗವನ್ನು ಸ್ವಭಾವ ಅಂದುಕೊಂಡು ಮನೆಯಲ್ಲಿ ಕೂರುತ್ತಾರೆ.

ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜುಮುಜುಮು ಎಂದು ರಾತ್ರಿ ಎಚ್ಚರವಾಗುತ್ತಿದ್ದರೆ, ಕೈ ಒದರಿದಾಗ ಹಾಯೆನಿಸುತ್ತಿದ್ದರೆ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಅದು ಸಾಮಾನ್ಯವಾಗಿ ಮೊದಲು ಹಿಡಿಯುವುದು ಹೆಚ್ಚು ದುಡಿಯುವ ಕೈಯನ್ನು, ಅಂದರೆ ಬಲಗೈಯವರ ಬಲಗೈಯನ್ನೇ. ಕಿರುಬೆರಳೂ ಉಂಗುರ ಬೆರಳಿನ ಅರ್ಧವೂ ಮರಗಟ್ಟಿದ್ದರೆ, ಜೊತೆಗೆ ಮೈಮೇಲೆಲ್ಲಾದರೂ ಬಣ್ಣಗೆಟ್ಟ, ಮುಟ್ಟಿದರೆ ಗೊತ್ತಾಗದ ಮಚ್ಚೆಯಿದ್ದರೆ, ಕುಷ್ಠವೇ ಎಂದು ನೋಡಿಸಲೇಬೇಕು. ಆ ರೋಗ ಹೋಗೇಬಿಟ್ಟಿದೆ ಎಂದು ಅನೇಕರು ನಂಬಿದ್ದಾರೆ. ಹೋಗಿಲ್ಲ. ಔಷಧಿ ಸರ್ಕಾರದಿಂದ ಉಚಿತ, ಬೇಗ ಶುರುವಾದರೆ ಬೆರಳು ಉಳಿಯುತ್ತದೆ. ಪರೀಕ್ಷೆಗೂ ದೊಡ್ಡ ಯಂತ್ರ ಬೇಕಿಲ್ಲ. ರೋಗಿ ಕಣ್ಣು ಮುಚ್ಚುತ್ತಾರೆ, ಆರೋಗ್ಯ ಕಾರ್ಯಕರ್ತೆ ಬಾಲ್‌ಪೆನ್ನಿನ ತುದಿಯನ್ನು ಅಂಗೈಯ ಗೊತ್ತಾದ ಜಾಗಗಳಿಗೆ ತಾಗಿಸುತ್ತಾರೆ, ಎಲ್ಲಿ ಎಂದು ರೋಗಿ ಬೆರಳಿಟ್ಟು ತೋರಿಸಬೇಕು. ಇನ್ನೂ ನಿಖರವಾಗಿ ನೋಡಬೇಕಾದರೆ ಒಂದೊಂದೂ ತನ್ನ ಗೊತ್ತಾದ ಒತ್ತಡಕ್ಕೇ ಬಾಗುವ ನೈಲಾನ್ ಎಳೆಗಳಿವೆ, ಜೋಸೆಫೀನ್ ಸೆಮ್ಸ್ ಮತ್ತು ಮೇಲೆ ಹೇಳಿದ ವೈನ್‌ಸ್ಟೈನ್ ಹೆಸರಿನವು. ಯುದ್ಧದಲ್ಲಿ ತಲೆಗೆ ಗಾಯವಾದ ಸೈನಿಕರ ಕೈಯನ್ನು ಪರೀಕ್ಷಿಸಿದ ಆ ತಂಡದ ಕೆಲಸ 1960ರಲ್ಲಿ ಹೊರಬಂತು. ಆ ಎಳೆಗಳೇ ಇಂದು ಸಕ್ಕರೆ ಕಾಯಿಲೆಯವರ ಪಾದವನ್ನೂ ಕಾಯುತ್ತಿವೆ. ಗೂಡು ಬಿಚ್ಚುವ ಬಿಸಿನೀರಿನಲ್ಲಿ ಕೈಯಾಡಿಸುವವರಿಗೆ, ಒಲೆಯ ಮುಂದೆ ಕೂರುವವರಿಗೆ, ಬೀಡಿ ಬೆರಳ ಸಂದಿಯಲ್ಲೇ ಉರಿದು ಮುಗಿಯುವವರೆಗೆ ಗೊತ್ತಾಗದವರಿಗೆ ಈ ಪರೀಕ್ಷೆ ಬೇಡ ಎನ್ನುವವರ ಧೈರ್ಯ ನನಗಿಲ್ಲ.

ಮತ್ತೂ ಒಂದು ಬಗೆಯಿದೆ. ನಿಂತ ನಿಲುವಿನಲ್ಲೇ ಒಂದು ಬದಿಯ ಕೈ ಸೋತು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದು ಲಕ್ವ. ಕರಣೆ ಕಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆ. ದೇವಸಮುದ್ರದಿಂದ ಬಳ್ಳಾರಿಗೋ ಚಿತ್ರದುರ್ಗಕ್ಕೋ ಹೋಗುವ ದಾರಿಯೇ ಅದರಲ್ಲಿ ಒಂದು ಪಾಲನ್ನು ನುಂಗುತ್ತದೆ. ಎಣ್ಣೆ ತಿಕ್ಕಿ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಬೇಕು. ಎದೆನೋವು ಎಡಗೈಗೆ ಹರಿಯುವುದನ್ನು ಕೆಲವರು ಎಡಗೈಯ ದೌರ್ಬಲ್ಯಕ್ಕೆ ಸಾಕ್ಷಿಯೆಂದು ಬರೆದಿದ್ದಾರೆ. ಅಲ್ಲಿ ದುರ್ಬಲವಾಗಿರುವುದು ಹೃದಯ, ಕೈಯಲ್ಲ. ಅದಕ್ಕೂ ಅದೇ 108.

ನನ್ನ ಮಾತಿನ ಮೇಲೆ ಇನ್ನೂ ನಂಬಿಕೆ ಬಾರದವರು ಪಿನ್ನಿನ ಪರೀಕ್ಷೆಯನ್ನು ನೆಟ್ಟಗೆ ಮಾಡಿ ನೋಡಲಿ. ಯಾವಾಗಲೂ ಬಲಗೈಯಿಂದಲೇ ಶುರು ಮಾಡಬೇಡಿ. ಆಡುತ್ತಾ ಆಡುತ್ತಾ ಬೆರಳು ಪಳಗುವುದರಿಂದ ಎರಡನೆಯ ಕೈಗೆ ಲಾಭವಾಗುತ್ತದೆ. ಒಮ್ಮೆ ಒಂದು ತುದಿ, ಒಮ್ಮೆ ಎರಡು ತುದಿ ತಾಗಿಸಿ, ಊಹೆಗೆ ಅವಕಾಶ ಕೊಡಬೇಡಿ. ಬೆರಳಲ್ಲಿ ಜಡ್ಡಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ, ಹಾರೆ ಗುದ್ದಲಿ ಹಿಡಿದ ಕೈಯ ದಪ್ಪ ಚರ್ಮ ಮೆಲ್ಲನೆಯ ಸ್ಪರ್ಶವನ್ನು ಅಷ್ಟಾಗಿ ಒಳಗೆ ಬಿಡುವುದಿಲ್ಲ. ಮನೆಯಲ್ಲಿ ಎಡಚರಿದ್ದರೆ ಅವರನ್ನೂ ಕೂರಿಸಿ. ಹತ್ತರಲ್ಲಿ ಒಬ್ಬರು ಸಿಕ್ಕೇ ಸಿಗುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೂ ಮನೆಮಂದಿಗೆಲ್ಲ ಎಡಗೈಯೇ ಮಂದ ಎಂದು ಬಂದರೆ ಅಂತರವನ್ನು ಮಿಲಿಮೀಟರಿನಲ್ಲಿ ಬರೆದು ಕಳಿಸಿ. ಮುಂದಿನ ಉತ್ತರ ಅದರ ಮೇಲೆಯೇ ಬರೆಯುತ್ತೇನೆ.